ಅಪ್ಪನ ಮೂರನೆಯ ಹೆಂಡತಿ

ನಮ್ಮಪ್ಪ ಒಂದು ಗಿಡವನ್ನು ಮದುವೆಯಾಗಿದ್ದ. ಸುತ್ತಿ ಬಳಸಿ ಆಮೇಲೆ ಹೇಳುವುದಕ್ಕಿಂತ ಮೊದಲೇ ಹೇಳಿಬಿಡುವುದು ಒಳ್ಳೆಯದು. ನೆರೂಳದ ಆಫೀಸಿನಲ್ಲಿ ಗೆಳತಿಯರ ಮುಂದೆ ಒಮ್ಮೆ ಬಾಯಿ ಜಾರಿ ಇದನ್ನು ಹೇಳಿದಾಗ ಅವರು ಊಟದ ಡಬ್ಬಿ ಬದಿಗಿಟ್ಟು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನೂ ಅವರ ಜೊತೆ ನಕ್ಕೆ, ಆಮೇಲೆ ಎದ್ದು ಹೋಗಿ ಬಹಳ ಹೊತ್ತು ಮುಖ ತೊಳೆದುಕೊಂಡೆ. ಅವರ ತಪ್ಪೇನಿಲ್ಲ, ಕೇಳಿದವರಿಗೆ ನಗೆ ಬರುವಂಥದ್ದೇ ಅದು. ನಮ್ಮ ಕಡೆ ಎರಡು ಹೆಂಡಿರನ್ನು ಮಣ್ಣು ಮಾಡಿದ ಗಂಡಸು ಮತ್ತೊಂದು ಮದುವೆಯಾಗುವ ಮುಂಚೆ ಎಕ್ಕದ ಗಿಡಕ್ಕೆ ತಾಳಿ ಕಟ್ಟಬೇಕು. ಮೂರನೆಯ ಹೆಂಡತಿಗೆ ಬರಬೇಕಾದ ಸಾವನ್ನು ಗಿಡ ತಾನು ತೆಗೆದುಕೊಳ್ಳುತ್ತದೆ, ಆಮೇಲೆ ಬಂದ ಹೆಣ್ಣು ನಾಲ್ಕನೆಯವಳಾಗಿ ಬದುಕುತ್ತಾಳೆ ಎಂದು ನಂಬಿಕೆ. ಆ ಮದುವೆ ನಡೆದಾಗ ನನಗೆ ಹತ್ತು ತುಂಬಿತ್ತು. ಗಿಡ ನೆಟ್ಟವಳು ನನ್ನ ಹೆತ್ತವ್ವ. ಕಡಿದವಳು ನಾನು.

ಠಾಕುರ್ಲಿಯಲ್ಲಿ ರೈಲು ಹಳಿಯ ಮಗ್ಗುಲಿಗಿದ್ದ ಚಾಳಿನಲ್ಲಿ ಕೊನೆಯ ರೂಮು ನಮ್ಮದು. ಒಂದೇ ರೂಮು. ಒಂದು ಮೂಲೆಯಲ್ಲಿ ಬಚ್ಚಲು, ಅದಕ್ಕೆ ಅಲ್ಲಿ ಎಲ್ಲರೂ ಮೋರಿ ಎನ್ನುತ್ತಿದ್ದರು. ಇನ್ನೊಂದು ಮೂಲೆಯಲ್ಲಿ ಸ್ಟೋವು. ಕಿಟಕಿಯ ಕೆಳಗೆ ಆಯಿಯ ಮಂಚ. ಆಯಿ ಎಂದರೆ ಅಪ್ಪನ ತಾಯಿ, ನನ್ನ ಅಜ್ಜಿ. ಉಳಿದವರು ನೆಲದ ಮೇಲೆ. ಫಾಸ್ಟ್ ಲೋಕಲ್ ಹೋದಾಗ ಗೂಡಿನಲ್ಲಿಟ್ಟ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು, ನಾವು ಮಾತು ನಿಲ್ಲಿಸಿ ಅದು ದಾಟಿದ ಮೇಲೆ ಅರ್ಧಕ್ಕೆ ಬಿಟ್ಟ ಮಾತು ಮುಂದುವರಿಸುತ್ತಿದ್ದೆವು. ಜಗಳವಾಡುವಾಗಲೂ ಹಾಗೇ. ಕೊನೆಯ ರೂಮಾದ್ದರಿಂದ ನಮಗೆ ಬೇರೆಯವರಿಗಿಲ್ಲದ ಒಂದು ಭಾಗ್ಯವಿತ್ತು. ನಮ್ಮ ಗೋಡೆಗೂ ರೈಲ್ವೆ ಗೋಡೆಗೂ ನಡುವೆ ಮೂರು ಮೊಳ ಅಗಲದ ನೆಲ. ಅಲ್ಲಿ ಅವ್ವ ಬಿಳಿ ಎಕ್ಕದ ಗಿಡ ಬೆಳೆಸಿದ್ದಳು.

ನೀಲಿ ಎಕ್ಕ ಹಳಿಯ ಗುಂಟ ಎಲ್ಲಿ ಬೇಕಾದಲ್ಲಿ ಇತ್ತು, ಅದನ್ನು ಯಾರೂ ತಿರುಗಿ ನೋಡುತ್ತಿರಲಿಲ್ಲ. ಬಿಳಿಯದು ಅಪರೂಪ. ವಿಜಯಪುರದ ಹತ್ತಿರದ ನಮ್ಮ ಊರಲ್ಲಿ ಹನುಮಪ್ಪನ ಗುಡಿಯ ಹಿಂದಿದ್ದ ಗಿಡದಿಂದ ಒಂದು ಗೇಣು ಟೊಂಗೆ ಕಡಿದು, ಹಸಿ ಗೋಣಿತಟ್ಟಿನಲ್ಲಿ ಸುತ್ತಿ, ಅವ್ವ ಅದನ್ನು ರೈಲಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದಿದ್ದಳಂತೆ. ಕಡಿದ ಬಾಯಿಯ ಹಾಲು ಆರುವವರೆಗೆ ನೆಡಬಾರದು, ನೆಟ್ಟರೆ ಕೊಳೆಯುತ್ತದೆ. ನಮ್ಮ ಊರ ಬಿಸಿಲಿನ ಗಿಡಕ್ಕೆ ಇಲ್ಲಿಯ ನಾಲ್ಕು ತಿಂಗಳ ಮಳೆ ಆಗಿಬರುವುದಿಲ್ಲ. ಬೇರಲ್ಲಿ ನೀರು ನಿಂತರೆ ಬುಡ ಕಪ್ಪಾಗಿ ಮೆತ್ತಗಾಗುತ್ತದೆ. ಅಪ್ಪ ಗೌಂಡಿ, ಕಟ್ಟಡಗಳಿಗೆ ಗಿಲಾವು ಮಾಡುವವನು. ಅವ್ವ ದಿನಾ ಸಂಜೆ ಅವನ ಚೀಲದಲ್ಲಿ ಇಟ್ಟಿಗೆ ಚೂರು, ಜರಡಿಯಲ್ಲಿ ಉಳಿದ ದಪ್ಪ ಮರಳು ತರಿಸಿ, ಮೊಳಕಾಲೆತ್ತರದ ದಿಬ್ಬ ಮಾಡಿ ಅದರ ಮೇಲೆ ಗಿಡ ನಿಲ್ಲಿಸಿದಳು. ಮಳೆಗಾಲ ಮುಗಿದ ಮೇಲೆ ಒಣ ಟೊಂಗೆ ಸವರುವುದು, ಎಲೆಯ ಬೆನ್ನಿಗೆ ಹಳದಿ ಹೇನು ಕೂತರೆ ಬೂದಿ ಎರಚುವುದು, ಪಟ್ಟೆಪಟ್ಟೆಯ ಹುಳು ಬಂದರೆ ಕೊಲ್ಲದೆ ಎಲೆ ಸಮೇತ ಎತ್ತಿ ಗೋಡೆಯಾಚೆಯ ನೀಲಿ ಎಕ್ಕದ ಮೇಲೆ ಬಿಡುವುದು, ಇಷ್ಟನ್ನೂ ಅವಳು ಮಾಡುತ್ತಿದ್ದಳು, ನಾನು ಅವಳ ಸೆರಗು ಹಿಡಿದು ನೋಡುತ್ತಿದ್ದೆ. ಶನಿವಾರ ಬೆಳಿಗ್ಗೆ ಹೂ ಬಿಡಿಸಿ ಹಾರ ಮಾಡಿ ರೈಲ್ವೆ ಫಾಟಕದ ಆಚೆಗಿನ ಮಾರುತಿ ಗುಡಿಗೆ ಒಯ್ಯುತ್ತಿದ್ದೆವು. ಹಾಲು ಕಣ್ಣಿಗೆ ತಾಗೀತು ಎಂದು ಅವಳು ನನಗೆ ಮೊಗ್ಗು ಮಾತ್ರ ಕೊಡುತ್ತಿದ್ದಳು. ಎಕ್ಕದ ಮೊಗ್ಗು ಒತ್ತಿದರೆ ಟಪ್ಪೆಂದು ಸಿಡಿಯುತ್ತದೆ, ಅದಕ್ಕಿಂತ ದೊಡ್ಡ ಆಟ ನನಗೆ ಗೊತ್ತಿರಲಿಲ್ಲ.

ಅವ್ವ ಒಂದು ಮಳೆಗಾಲದಲ್ಲಿ ಕಾಮಾಲೆಯಾಗಿ ಹೋದಳು. ಕಣ್ಣು ಹಳದಿಯಾಗಿದೆ ಎಂದು ನಾವು ಅಂದುಕೊಳ್ಳುವಷ್ಟರಲ್ಲಿ ಇಲ್ಲವಾದಳು. ವರ್ಷದೊಳಗೆ ಆಯಿ ಎರಡನೆಯವಳನ್ನು ತಂದಳು, ರೇಣವ್ವ. ಅವಳು ನನ್ನ ಜೊತೆ ಹೆಚ್ಚು ಮಾತಾಡಲಿಲ್ಲ, ನಾನೂ ಆಡಲಿಲ್ಲ. ಬಾಣಂತನಕ್ಕೆ ಊರಿಗೆ ಹೋದವಳು ಕೂಸಿನೊಂದಿಗೆ ಅಲ್ಲೇ ತೀರಿಕೊಂಡಳು. ಅದಾದ ಮೇಲೆ ಅಪ್ಪ ಮನೆಯಲ್ಲಿ ತಟ್ಟೆ ನೋಡಿ ಉಣ್ಣುವುದನ್ನೇ ಬಿಟ್ಟ. ಗೋಡೆ ನೋಡುತ್ತ ಉಣ್ಣುತ್ತಿದ್ದ. ಚಾಳಿನ ಹೆಂಗಸರು ನಲ್ಲಿಯ ಹತ್ತಿರ ಅವನನ್ನು ಕಂಡರೆ ಕೊಡ ಎತ್ತಿಕೊಂಡು ಸರಿದು ನಿಲ್ಲುತ್ತಿದ್ದರು. ಆದರೂ ಆಯಿ ಸೋಲಲಿಲ್ಲ. ಕಲ್ಯಾಣದಲ್ಲಿ ಕಟ್ಟಡದ ಕೆಲಸಕ್ಕೆ ಬಂದಿದ್ದ ನಮ್ಮ ಕಡೆಯ ಒಂದು ಕುಟುಂಬದಲ್ಲಿ ಹೆಣ್ಣು ಹುಡುಕಿದಳು. ಹುಡುಗಿಯ ಹೆಸರು ನೀಲವ್ವ, ವಯಸ್ಸು ಇಪ್ಪತ್ತು. ಆಕೆಯ ತಾಯಿ ನಮ್ಮ ರೂಮಿನ ಹೊಸ್ತಿಲಲ್ಲೇ ನಿಂತು, ಒಳಗೆ ಕಾಲಿಡದೆ ಹೇಳಿದಳು:

"ಎರಡು ಹೆಣಾ ಹೊತ್ತ ಮನಿಗೆ ನನ್ನ ಮಗಳ್ನ ಸುಮ್ನ ಹೆಂಗ ಕೊಡಲಿ? ಮೊದ್ಲ ಎಕ್ಕಿ ಗಿಡಕ್ಕ ತಾಳಿ ಕಟ್ರಿ. ನನ್ನ ಕಣ್ಣೆದುರಿಗೇ ಕಟ್ರಿ."

ಗಿಡ ಎಲ್ಲಿ ಹುಡುಕುವುದು ಎಂದು ಯಾರೂ ಕೇಳಬೇಕಾಗಲಿಲ್ಲ. ಎಲ್ಲರ ಕಣ್ಣೂ ಒಟ್ಟಿಗೆ ಹೊರಗೆ ಹೋದವು.

ಒಂದು ಭಾನುವಾರ ಬೆಳಿಗ್ಗೆ ಅದು ನಡೆಯಿತು. ಆಯಿ ಗಿಡದ ಬುಡ ಸಾರಿಸಿ, ಟೊಂಗೆಗೆ ಹಸಿರು ಬಳೆ ಏರಿಸಿ, ಹಳದಿ ಕುಬಸದ ಕಣ ಸುತ್ತಿದಳು. ಅಪ್ಪ ತಲೆ ಮೇಲೆ ನೀರು ಹಾಕಿಕೊಂಡು ಒದ್ದೆ ಕೂದಲಲ್ಲೇ ಗಿಡದ ಪಕ್ಕ ಮಣೆಯ ಮೇಲೆ ಕೂತ. ಇಡೀ ಚಾಳು ನೆರೆದಿತ್ತು. ಹುಡುಗಿಯರು ಬಾಯಿಗೆ ದುಪಟ್ಟಾ ಒತ್ತಿಕೊಂಡು ನಗುತ್ತಿದ್ದರು. ಕರ್ಜತ್ ಕಡೆಯ ಲೋಕಲ್ ಸಿಗ್ನಲ್ಲಿಗೆ ನಿಂತಿದ್ದಾಗ ಬಾಗಿಲಲ್ಲಿ ಜೋತುಬಿದ್ದವರೂ ಬಗ್ಗಿ ನೋಡಿದರು. ಅಪ್ಪ ಅರಿಷಿಣ ಕೊಂಬಿನ ದಾರವನ್ನು ಟೊಂಗೆಗೆ ಮೂರು ಗಂಟು ಹಾಕಿ ಕಟ್ಟಿದ. ಅಕ್ಷತೆ ಬಿತ್ತು. ನಾನು ನನ್ನ ಅವ್ವನಿಗೇ ಮತ್ತೆ ಮದುವೆಯಾಗುತ್ತಿದೆ ಎಂದುಕೊಂಡು ಕೈ ತುಂಬ ಅಕ್ಷತೆ ಎಸೆದೆ. ಆಗ ನೀಲವ್ವನ ತಾಯಿ ಸೆರಗಿನಡಿಯಿಂದ ಕುಡಗೋಲು ತೆಗೆದು ಅಪ್ಪನ ಮುಂದೆ ಹಿಡಿದಳು.

"ಕಡೀರಿ ಅಳಿಯಂದ್ರ. ಗಿಡ ನಿಂತ್ರ ನನ್ನ ಮಗಳು ಬೀಳ್ತಾಳ."

ಅಪ್ಪ ಕುಡಗೋಲು ತೆಗೆದುಕೊಂಡ. ಎದ್ದು ನಿಂತ. ನಾನು ಓಡಿಹೋಗಿ ಬುಡಕ್ಕೆ ಜೋತುಬಿದ್ದು ಕೂಗಿದೆ. ಯಾವ ಭಾಷೆಯಲ್ಲಿ ಏನು ಕೂಗಿದೆನೋ ಗೊತ್ತಿಲ್ಲ. ಅಪ್ಪ ಕುಡಗೋಲನ್ನು ಮಣೆಯ ಮೇಲೆ ಇಟ್ಟುಬಿಟ್ಟ.

"ನನ್ನ ಕೈಲಿ ಆಗಾಂಗಿಲ್ಲ," ಅಂದ. "ಇದು ಆಕಿ ಹಚ್ಚಿದ್ದು."

ಮದುವೆ ಮುರಿಯುವುದರಲ್ಲಿತ್ತು. ಆಯಿ ನಡುವೆ ಬಂದು ಒಂದು ದಾರಿ ಹೇಳಿದಳು.

"ಕಡೀಬ್ಯಾಡ, ಬಿಡು. ಇವತ್ತಿಂದ ಒಂದು ಹನಿ ನೀರ ಹಾಕೂದ ಬ್ಯಾಡ, ಒಂದು ಹೂ ಹರಿಯೂದ ಬ್ಯಾಡ. ವರ್ಷ ತುಂಬೂದ್ರಾಗ ತಾನ ಒಣಗಿ ಹೋಗ್ತೈತಿ."

ಬೀಗತಿ ಒಲ್ಲದ ಮನಸ್ಸಿನಿಂದ ಒಪ್ಪಿದಳು. ನಾಲ್ಕು ದಿನದ ಮೇಲೆ ಕಲ್ಯಾಣದಲ್ಲಿ ನಿಜವಾದ ಮದುವೆಯಾಗಿ ನೀಲವ್ವ ನಮ್ಮ ಮನೆಗೆ ಬಂದಳು.

ಆಕೆಯನ್ನು ಇಷ್ಟಪಡಬಾರದು ಎಂದು ನಾನು ಮೊದಲೇ ನಿಶ್ಚಯ ಮಾಡಿದ್ದೆ. ಅದು ಎಂಟು ದಿನವೂ ನಡೆಯಲಿಲ್ಲ. ಆಕೆ ಗಿಡ್ಡ, ಗುಂಡು ಮುಖ, ಕೆಲಸದಲ್ಲಿ ಚುರುಕು, ಸಿಟ್ಟು ಮೂಗಿನ ತುದಿಯಲ್ಲಿ. ರೊಟ್ಟಿ ಬಡಿಯುವಾಗ ಸದ್ದು ಎಷ್ಟಿರುತ್ತಿತ್ತೆಂದರೆ ಪಕ್ಕದ ಮನೆಯವರು ಗೋಡೆ ಬಡಿಯುತ್ತಿದ್ದರು. ಆಕೆ ಇನ್ನೂ ಜೋರಾಗಿ ಬಡಿಯುತ್ತಿದ್ದಳು. ಆಯಿಯ ಜೊತೆ ಸಾರಿನ ಉಪ್ಪಿನಿಂದ ಹಿಡಿದು ಸ್ಟೋವಿನ ಪಿನ್ನಿನವರೆಗೆ ಜಗಳ. ನನ್ನ ತಲೆ ಬಾಚುವಾಗ ಮಾತ್ರ ಕೈ ಮೆತ್ತಗಾಗುತ್ತಿತ್ತು. ನಾನು ಆಕೆಗೆ ಸಣ್ಣವ್ವ ಅನ್ನುತ್ತಿದ್ದೆ. ಒಂದು ದಿನ ಜಡೆ ಹೆಣೆಯುತ್ತ ಕೇಳಿದಳು:

"ನಿಮ್ಮವ್ವ ಎತ್ತರ ಇದ್ಲೇನು?"

"ಹೂಂ. ನಿನಗಿಂತ ಭಾಳ."

"ಅನ್ಕೊಂಡೆ. ಮ್ಯಾಲಿನ ಗೂಡಿನ್ಯಾಗ ಆಕಿ ಇಟ್ಟ ಡಬ್ಬಿ ಒಂದೂ ನನ್ನ ಕೈಗೆ ನಿಲುಕವಲ್ವು. ಇರ್ಲಿ, ಅಲ್ಲೇ ಇರ್ಲಿ. ನೀ ದೊಡ್ಡಾಕಿ ಆದ ಮ್ಯಾಲ ತಗೀತಿ."

ಅವ್ವ ಹೋದ ಮೇಲೆ ನಮ್ಮ ಮನೆಯಲ್ಲಿ ನನ್ನ ಜೊತೆ ಅವ್ವನ ವಿಷಯ ಎತ್ತಿದ ಮೊದಲನೆಯವಳು ಆಕೆ. ಆವತ್ತು ನಾನು ಶಾಲೆಯಲ್ಲಿ ಯಾರು ಏನು ಕೇಳಿದರೂ ನಗುತ್ತಲೇ ಇದ್ದೆ.

ಆದರೆ ನಾನು ಒಂದು ಕಳ್ಳತನ ಮಾಡುತ್ತಿದ್ದೆ. ದಿನಾ ಬೆಳಿಗ್ಗೆ ಹಲ್ಲುಜ್ಜುವ ನೆವದಲ್ಲಿ ತಂಬಿಗೆ ಹಿಡಿದು ಹೊರಗೆ ಹೋಗಿ, ಅರ್ಧ ನೀರು ಬಾಯಿಗೆ, ಅರ್ಧ ಗಿಡದ ಬುಡಕ್ಕೆ. ಬೂದಿ ಎರಚುತ್ತಿದ್ದೆ. ಹುಳು ಎತ್ತಿ ಗೋಡೆಯಾಚೆ ಬಿಡುತ್ತಿದ್ದೆ. ಹೂ ಮಾತ್ರ ಮುಟ್ಟುತ್ತಿರಲಿಲ್ಲ, ಆಯಿಗೆ ತಿಳಿದುಬಿಡುತ್ತಿತ್ತು. ಬಿಳಿ ಹೂ ಗೊಂಚಲು ಗೊಂಚಲಾಗಿ ಅರಳಿ ಅಲ್ಲೇ ಕಂದು ಬಣ್ಣಕ್ಕೆ ತಿರುಗಿ ಉದುರುತ್ತಿದ್ದವು. ಶನಿವಾರ ಗುಡಿಯ ಮುಂದೆ ಹೂ ಮಾರುವ ಮುದುಕಿ "ಕಾಯ್ ಗಂ, ಆಜ ಹಾರ ನಾಹೀ?" ಎಂದು ಹಾರದ ಬಗ್ಗೆ ಕೇಳಿದರೆ ತಲೆ ತಗ್ಗಿಸಿ ದಾಟಿಹೋಗುತ್ತಿದ್ದೆ. ಅವ್ವ ಗೋಡೆಯ ಹಿಂದೆ ನಿಂತಿದ್ದಾಳೆ, ನಾನು ನೀರು ಕೊಡದಿದ್ದರೆ ಬಾಯಾರಿ ಸಾಯುತ್ತಾಳೆ ಎಂಬುದೊಂದೇ ನನ್ನ ತಲೆಯಲ್ಲಿತ್ತು. ಈಗ ಗೊತ್ತು, ಎಕ್ಕ ಯಾರ ನೀರಿಗೂ ಕಾಯುವ ಗಿಡವಲ್ಲ. ಪ್ಲಾಟ್‌ಫಾರ್ಮಿನ ಬಿರುಕಿನಲ್ಲೂ ಅದು ಬೆಳೆಯುತ್ತದೆ. ನನ್ನ ಅರ್ಧ ತಂಬಿಗೆ ಇಲ್ಲದಿದ್ದರೂ ಅದು ಬದುಕುತ್ತಿತ್ತು. ಇದನ್ನು ಆಗ ಯಾರಾದರೂ ನನಗೆ ಹೇಳಿದ್ದರೆ!

ಸಣ್ಣವ್ವ ಬಸುರಾದಳು. ಏಳು ತಿಂಗಳು ತುಂಬುವ ಹೊತ್ತಿಗೆ ಕಾಲು ಊದಿ ಚಪ್ಪಲಿ ಹಿಡಿಯದಾಯಿತು. ತಲೆಗೆ ಬಟ್ಟೆ ಬಿಗಿದುಕೊಂಡು ಗೋಡೆಗೆ ಒರಗಿರುತ್ತಿದ್ದಳು. ರೊಟ್ಟಿ ಬಡಿಯುವ ಸದ್ದು ನಿಂತಿತು. ಆಯಿಯ ಜೊತೆ ಜಗಳವೂ ನಿಂತಿತು, ಅದು ನನಗೆ ಎಲ್ಲಕ್ಕಿಂತ ಹೆದರಿಕೆ ತಂದಿತು. ಒಂದು ಸಂಜೆ ನಾನು ಹೊಸ್ತಿಲ ಹೊರಗೆ ಜೋಳ ಹಸನು ಮಾಡುತ್ತಿದ್ದಾಗ ಒಳಗೆ ಆಯಿ ಅಪ್ಪನಿಗೆ ಹೇಳುತ್ತಿದ್ದಳು:

"ಗಿಡ ನೋಡಿದೇನು ಭೀಮ್ಯಾ? ಒಣಗೂದು ಬಿಟ್ಟು ಚಿಗರಾಕತ್ತೈತಿ. ಅದು ಚಿಗತ್ರ ಇಕಿ ಬಾಡ್ತಾಳ. ಯಾರೋ ನೀರ ಹಾಕಾಕತ್ತಾರ."

"ಯಾರ ಹಾಕ್ತಾರವ್ವ, ಸುಮ್ನಿರು."

"ಹಾಕಾಕತ್ತಾರ. ಹಾಕಿದವರ ಕೈಯಾಗ ಇಕಿ ಜೀವ ಐತಿ."

ನನ್ನ ಕೈಯಲ್ಲಿದ್ದ ಮೊರ ಬಿತ್ತು. ಜೋಳವೆಲ್ಲ ಅಂಗಳದ ತುಂಬ ಚೆಲ್ಲಿತು. ಆಯಿ ಬೈಯುತ್ತ ಹೊರಗೆ ಬಂದಳು, ನಾನು ಒಂದೊಂದೇ ಕಾಳು ಆರಿಸುತ್ತ ಕೂತೆ. ಎರಡು ಹೆಣ ಹೊತ್ತ ಮನೆ ನಮ್ಮದು. ಮೂರನೆಯದನ್ನು ನಾನೇ ದಿನಾ ಅರ್ಧ ತಂಬಿಗೆಯಂತೆ ತಯಾರು ಮಾಡುತ್ತಿದ್ದೇನೆ. ಯಾರಿಗೆ ಹೇಳಲಿ? ಹೇಳಿದರೆ ಸಣ್ಣವ್ವನ ಮುಖ ಹೇಗಾದೀತು? ಮರುದಿನದಿಂದ ನೀರು ನಿಲ್ಲಿಸಿದೆ. ಬೇಸಿಗೆಯ ಸುಡುಬಿಸಿಲು, ಹಳಿಯ ಜಲ್ಲಿಕಲ್ಲು ಮುಟ್ಟಿದರೆ ಕೈ ಸುಡುತ್ತಿತ್ತು. ಗಿಡ ಮಾತ್ರ ಬೂದು ಹಸಿರಿನಲ್ಲಿ ಸೊಕ್ಕಿ ನಿಂತಿತ್ತು. ಉಪ್ಪು ಕದಡಿ ಹೊಯ್ದೆ. ಕುದಿಯುವ ಗಂಜಿ ಹೊಯ್ದೆ. ನಾಲ್ಕು ಎಲೆ ಹಳದಿಯಾದವು, ನನಗೆ ಜೀವ ಬಂದಂತಾಯಿತು. ವಾರದಲ್ಲಿ ಅದರ ಪಕ್ಕದಲ್ಲೇ ಆರು ಎಲೆ ಬಂದವು. ಬೆಳಿಗ್ಗೆ ಎದ್ದರೆ ಮೊದಲು ಗಿಡ ನೋಡುವುದು, ಆಮೇಲೆ ಒಳಗೆ ಬಂದು ಸಣ್ಣವ್ವನ ಕಾಲು ನೋಡುವುದು. ಎರಡೂ ಉಬ್ಬುತ್ತಿದ್ದವು. ಅವ್ವಾ, ಸಾಯಿ, ದಯಮಾಡಿ ಸಾಯಿ ಎಂದು ಹತ್ತು ವರ್ಷದ ಹುಡುಗಿ ಗಿಡದ ಮುಂದೆ ಕುಕ್ಕರಗಾಲಿನಲ್ಲಿ ಕೂತು ಬೇಡಿಕೊಂಡದ್ದು ನನಗೆ ಇವತ್ತಿಗೂ ನೆನಪಿದೆ.

ಮೊದಲ ಮಳೆ ಬಂದ ಮರುದಿನ ಬೆಳಿಗ್ಗೆ ಸಣ್ಣವ್ವನಿಗೆ ಝಟಕೆ ಬಂತು. ಕಣ್ಣು ಮೇಲಾಗಿ, ಹಲ್ಲು ಕಚ್ಚಿ, ಮೈ ಬಿಲ್ಲಿನಂತೆ ಸೆಟೆಯಿತು. ಅಪ್ಪ ಮತ್ತು ಪಕ್ಕದವರು ರಿಕ್ಷಾದಲ್ಲಿ ಹಾಕಿಕೊಂಡು ಕಲ್ಯಾಣದ ಆಸ್ಪತ್ರೆಗೆ ಒಯ್ದರು, ಆಯಿಯೂ ಹೋದಳು. ನನ್ನನ್ನು ಮನೆ ಕಾಯಲು ಬಿಟ್ಟರು. ರಿಕ್ಷಾ ತಿರುವು ದಾಟಿದ್ದೇ ನಾನು ಆ ಭಾನುವಾರದಿಂದ ಮಂಚದ ಕೆಳಗೇ ಬಿದ್ದಿದ್ದ ಕುಡಗೋಲು ತೆಗೆದೆ.

ಎಕ್ಕದ ಟೊಂಗೆ ಮೆತ್ತಗೆ ಎಂದು ಕಾಣುತ್ತದೆ, ಒಳಗೆ ನಾರು. ಕಡಿದಷ್ಟೂ ಹಾಲು. ಮೊಣಕೈವರೆಗೆ ಹಾಲು ಹರಿದು ಅಂಟಂಟಾಯಿತು, ಕುಡಗೋಲು ಜಾರುತ್ತಿತ್ತು. ಅಪ್ಪ ಕಟ್ಟಿದ ಅರಿಷಿಣದ ದಾರ ವರ್ಷದೊಳಗೆ ತೊಗಟೆಯಲ್ಲಿ ಹೂತುಹೋಗಿತ್ತು. ಅದನ್ನು ಬಿಚ್ಚಲು ಬರಲಿಲ್ಲ, ಅದರ ಮೇಲೆಯೇ ಹೊಡೆದೆ. ಅಳುತ್ತಿದ್ದೆ, ಕಣ್ಣೊರೆಸಿಕೊಂಡೆ, ಯಾವ ಕೈಯಿಂದ ಎಂದು ನೋಡಲಿಲ್ಲ. ಟೊಂಗೆಗಳನ್ನೆಲ್ಲ ರೈಲ್ವೆ ಗೋಡೆಯಾಚೆ ಎಸೆಯುವ ಹೊತ್ತಿಗೆ ಬಲಗಣ್ಣಿನ ಮುಂದೆ ಹಾಲಿನ ಪರದೆ ಬಿದ್ದಂತಾಗಿತ್ತು. ನೋವಿರಲಿಲ್ಲ. ಎಲ್ಲವೂ ಮಂಜು, ಅಷ್ಟೇ. ಅವ್ವನಿಗೆ ಸಿಟ್ಟು ಬಂದಿದೆ, ಬರಲಿ, ನನ್ನ ಎರಡೂ ಕಣ್ಣು ತೆಗೆದುಕೊಂಡು ಸಣ್ಣವ್ವನನ್ನು ಬಿಟ್ಟರೆ ಸಾಕು ಎಂದುಕೊಂಡು ಹೊಸ್ತಿಲ ಮೇಲೆ ಕೂತೆ.

ಸಂಜೆ ಅಪ್ಪ ಒಬ್ಬನೇ ಬಂದ. ಕೂಸು ಉಳಿಯಲಿಲ್ಲ, ತಾಯಿ ಉಳಿದಿದ್ದಾಳೆ ಎಂದ. ಆಮೇಲೆ ಮೊಂಡು ಬುಡ ನೋಡಿದ, ನನ್ನ ಕಣ್ಣು ನೋಡಿದ. ನನ್ನನ್ನು ಮೋರಿಯಲ್ಲಿ ಕೂರಿಸಿ, ತನ್ನ ಸಿಮೆಂಟು ತಿಂದ ಒರಟು ಅಂಗೈಯಲ್ಲಿ ನೀರು ತುಂಬಿ ತುಂಬಿ ಕಣ್ಣಿಗೆ ಬಿಟ್ಟ. ಕೊಡದ ನೀರು ಮುಗಿಯುವವರೆಗೆ ಬಿಡುತ್ತಲೇ ಇದ್ದ. ಮರುದಿನ ಆಯಿ ಚಾಳಿಗೆಲ್ಲ ಹೇಳಿಕೊಂಡು ಬಂದಳು, ಗಿಡ ಒಣಗಿ ಬಿತ್ತು, ಕಂಟಕ ಕಳೆಯಿತು ಎಂದು. ಬುಡದ ಮೇಲಿನ ಕುಡಗೋಲಿನ ಗಾಯ ಅವಳಿಗೆ ಕಾಣದೆ ಇರಲಿಲ್ಲ.

ನನ್ನ ಕಣ್ಣು ತಿಳಿಯಾಗಲು ವಾರ ಹಿಡಿಯಿತು. ಸಣ್ಣವ್ವ ಹನ್ನೆರಡು ದಿನದ ಮೇಲೆ ಬಂದಳು, ಬತ್ತಿದ ಮುಖ, ಕಟ್ಟಿದ ಎದೆ. ಮನೆಯೊಳಗೆ ಬರುವ ಮುಂಚೆ ಆ ಮೂರು ಮೊಳದ ನೆಲದ ಕಡೆ ಹೋಗಿ ನಿಂತಳು.

"ಯಾರ ಕಡದ್ರಿದ್ನ?"

"ತಾನ ಒಣಗಿ ಬಿತ್ತವಾ, ಒಳಗ ಬಾ," ಎಂದಳು ಆಯಿ.

"ನಾ ಕಡ್ದೆ," ಅಂದೆ. "ನೀ ಸಾಯಬಾರ್ದಂತ. ದಿನಾ ನೀರ ಹಾಕಿದಾಕೀನೂ ನಾನ. ನಿನಗ ಹಿಂಗಾಗಿದ್ದು ನನ್ನಿಂದ. ಕೂಸಿಗೂ."

ಆಕೆ ನನ್ನ ಕೆನ್ನೆಗೆ ಒಂದು ಹೊಡೆದಳು. ಕೈಯಲ್ಲಿ ಬಲವಿರಲಿಲ್ಲ, ಹೊಡೆದ ಕೈಯನ್ನು ನನ್ನ ಭುಜದ ಮೇಲೆಯೇ ಊರಿ ನಿಲ್ಲಬೇಕಾಯಿತು.

"ನನ್ನ ಕೂಸು ನಿನ್ನ ತಂಬಿಗಿ ನೀರಿನಿಂದ ಸತ್ತಿಲ್ಲ. ಕೇಳಿಸ್ತಿಲ್ಲೋ? ಅವ್ವ ಹಚ್ಚಿದ ಗಿಡಾ ಕಡದಿ. ನಾಳಿ ನನಗ ಜ್ವರಾ ಬಂದ್ರ ಏನ ಕಡೀತಿ?"

ಕಡಿಯಲು ಇನ್ನೇನೂ ಉಳಿದಿಲ್ಲ ಎಂಬುದು ನನಗೆ ಆಗ ಹೊಳೆಯಿತು.

ಶ್ರಾವಣದ ಒಂದು ಬೆಳಿಗ್ಗೆ ಬುಡದ ಮಗ್ಗುಲಿನಿಂದ ಚಿಗುರು ಬಂತು. ಬೆರಳುದ್ದ, ಮೈಮೇಲೆ ಬಿಳಿ ಹಿಟ್ಟು ಹಚ್ಚಿದಂತೆ. ಅದನ್ನು ಕಂಡು ನನಗೆ ಆದದ್ದು ಸಂತೋಷವೋ ಭಯವೋ ಇವತ್ತಿಗೂ ಬಿಡಿಸಿ ಹೇಳಲಾರೆ. ಯಾರೂ ನೋಡುವ ಮುಂಚೆ ಕಿತ್ತುಬಿಡಬೇಕೆಂದು ಬಗ್ಗಿದೆ. ಹಿಂದಿನಿಂದ ಸಣ್ಣವ್ವ ನನ್ನ ಮಣಿಕಟ್ಟು ಹಿಡಿದಳು.

"ಮುಟ್ಟಬ್ಯಾಡ."

"ಅದು ಬೆಳದ್ರ ನೀ..."

"ಸತ್ರ ಸಾಯ್ತೀನಿ. ಹಸರು ಕಂಡಾಗೊಮ್ಮೆ ಹೆದರಕೋತ ಬಾಳೂದು ನನ್ನ ಕೈಲಿ ಆಗಾಂಗಿಲ್ಲ. ಹೋಗು, ನೀರ ತಗೊಂಡ ಬಾ."

ನೀರು ತಂದೆ. ಆಕೆಯೇ ಹಾಕುತ್ತಾಳೆ ಎಂದುಕೊಂಡಿದ್ದೆ. ಆಕೆ ಕೈ ಚಾಚಲಿಲ್ಲ.

"ನೀನ ಹಾಕು."

ಅರ್ಧ ನೀರು ನನ್ನ ಕಾಲ ಮೇಲೆಯೇ ಬಿತ್ತು. ಉಳಿದದ್ದನ್ನು ಹಾಕಿದೆ. ಹಾಕುವಾಗ ನಾನು ಗಿಡ ನೋಡುತ್ತಿರಲಿಲ್ಲ, ಆಕೆಯ ಮುಖ ನೋಡುತ್ತಿದ್ದೆ, ಈಗ ಬೀಳುತ್ತಾಳೆ, ಈಗ ಬೀಳುತ್ತಾಳೆ ಎಂದು. ಆಕೆ ಸೊಂಟದ ಮೇಲೆ ಕೈ ಇಟ್ಟು ನಿಂತೇ ಇದ್ದಳು. ಮರುದಿನವೂ ಹಾಕಿಸಿದಳು, ಅದರ ಮರುದಿನವೂ. ಆಯಿ ಎದೆ ಬಡಿದುಕೊಂಡಳು. ಸಣ್ಣವ್ವ ಸ್ಟೋವಿಗೆ ಜೋರಾಗಿ ಗಾಳಿ ಹೊಡೆದಳು. ಗಿಡ ಒಂದೊಂದು ಜೋಡಿ ಎಲೆ ಬಿಟ್ಟಾಗಲೂ ನಾನು ಒಳಗೆ ಓಡಿಬಂದು ಆಕೆಯ ಹಣೆ ಮುಟ್ಟಿ ನೋಡುತ್ತಿದ್ದೆ. ಧೈರ್ಯ ಆಕೆಯದು, ನನ್ನದಲ್ಲ. ಅದು ನನಗೆ ಯಾವತ್ತೂ ಬರಲಿಲ್ಲ.

ಆ ಚಾಳು ಈಗಿಲ್ಲ. ಕೆಡವಿ ಮೇಲೆ ಏಳು ಅಂತಸ್ತು ಎಬ್ಬಿಸಿದ್ದಾರೆ, ಗಿಡವೂ ಅದರ ಅಡಿಗೆ ಹೋಯಿತು. ಅಪ್ಪನೂ ಆಯಿಯೂ ಹೋದರು. ನಾನು ಮತ್ತು ಸಣ್ಣವ್ವ ಡೊಂಬಿವಲಿಯಲ್ಲಿ ಒಂದು ಸಣ್ಣ ಫ್ಲಾಟಿನಲ್ಲಿದ್ದೇವೆ. ಆಕೆಗೆ ಐವತ್ತು ದಾಟಿದೆ, ಸಕ್ಕರೆ ಕಾಯಿಲೆ ಬಿಟ್ಟರೆ ಗಟ್ಟಿಮುಟ್ಟು. ಗಿಡ ಹೋದರೂ ನನ್ನ ಹೆದರಿಕೆ ಹೋಗಲಿಲ್ಲ. ದಿನಾ ಬೆಳಿಗ್ಗೆ ಎದ್ದ ಕೂಡಲೆ, ಬೇಡ ಬೇಡವೆಂದರೂ, ನನ್ನ ಕೈ ಆಕೆಯ ಹಣೆಗೆ ಹೋಗುತ್ತದೆ. ಆಕೆ ಕಣ್ಣು ತೆರೆಯದೆ ಕೈ ತಳ್ಳುತ್ತಾಳೆ.

"ಸತ್ತಿಲ್ಲಬೇ. ಏಳು, ಚಾ ಇಡು."